ಮೊದಲ ಕಾರು: ತಿಂಗಳಿಗೆ 54,000 ಕೈಗೆ ಬರುವವರು ಪುಣೆಯಲ್ಲಿ ಕೊಳ್ಳಬಹುದೇ?

ಗುಮ್ಮಟನಗರಿ, ಚಿಂಚವಡ

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ, ಊರು ವಿಜಯಪುರ. ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ಎಲ್ಲ ಕಡಿತ ಮುಗಿದು ಕೈಗೆ 54,000 ರೂಪಾಯಿ ಬರುತ್ತದೆ. ಮನೆಗೆ 12,000 ಕಳುಹಿಸುತ್ತೇನೆ. ಬಾಡಿಗೆಯಲ್ಲಿ ನನ್ನ ಪಾಲು 9,000, ಶಿಕ್ಷಣ ಸಾಲದ ಕಂತು 6,500. ಊಟ, ಬೈಕಿನ ಪೆಟ್ರೋಲು, ಮೊಬೈಲು ಸೇರಿ ಇನ್ನೊಂದು 10,000. ಬ್ಯಾಂಕಿನಲ್ಲಿ 2.3 ಲಕ್ಷ ಉಳಿತಾಯವಿದೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಾಗಿನಿಂದ ಮನೆಯಲ್ಲಿ ಇದೇ ಮಾತು. ಅಪ್ಪನಿಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟ. ಅವರನ್ನು ಪುಣೆಗೆ ಕರೆತಂದು ಒಳ್ಳೆಯ ವೈದ್ಯರಿಗೆ ತೋರಿಸಬೇಕು, ಅಮ್ಮನನ್ನು ಪಂಢರಪುರಕ್ಕೆ ಕರೆದೊಯ್ಯಬೇಕು ಎಂಬ ಆಸೆ ನನಗೂ ಇದೆ. ಮೊನ್ನೆ ಒಂದು ಶೋರೂಮಿಗೆ ಹೋಗಿದ್ದೆ. ಎಕ್ಸ್ ಶೋರೂಂ 6.5 ಲಕ್ಷದ ಹ್ಯಾಚ್‌ಬ್ಯಾಕ್ ತೋರಿಸಿ, ಏಳು ವರ್ಷದ ಸಾಲ ಮಾಡಿದರೆ ತಿಂಗಳಿಗೆ ಹತ್ತು ಸಾವಿರವೂ ಆಗುವುದಿಲ್ಲ ಎಂದರು. ನನ್ನ ಸೋದರಮಾವ ಕೂಡಲೇ ಬುಕ್ ಮಾಡು ಎನ್ನುತ್ತಾರೆ. ಇತ್ತ ದೊಡ್ಡಪ್ಪನ ಮಗ ತನ್ನ 2019ರ ಕೆಎ-28 (ವಿಜಯಪುರ ನೋಂದಣಿಯ) ಪೆಟ್ರೋಲ್ ಗಾಡಿಯನ್ನು 3.2 ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಾನೆ.

ನಾನು ಏನು ಮಾಡಬೇಕು? ಹಿರಿಯರು, ಅನುಭವಿಗಳು ದಯವಿಟ್ಟು ತಿಳಿಸಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಕೋಥ್ರೂಡ್

ತಮ್ಮಾ, ಸಾಲ ವಿಭಾಗದಲ್ಲಿ ಬಹಳ ಕಾಲ ಕೂತು ಬಂದವನು ನಾನು. ನಿನ್ನ ವಯಸ್ಸಿನ ಹುಡುಗರು ಎದುರಿಗೆ ಬಂದು ಕೂತಾಗ ಅವರ ಬಾಯಲ್ಲಿ ಇರುತ್ತಿದ್ದುದು ಒಂದೇ ಪ್ರಶ್ನೆ: ಕಂತು ಎಷ್ಟು ಬೀಳುತ್ತದೆ? ಕಾರಿನ ಖರ್ಚಿನಲ್ಲಿ ಕಂತು ಒಂದು ಭಾಗ ಮಾತ್ರ, ಆದ್ದರಿಂದ ಪೂರ್ತಿ ಲೆಕ್ಕ ಹಾಕೋಣ. ಕಾಗದ ಪೆನ್ನು ಹಿಡಿದುಕೋ.

6.5 ಲಕ್ಷದ ಪೆಟ್ರೋಲ್ ಕಾರಿಗೆ ಮಹಾರಾಷ್ಟ್ರದ ವಾಹನ ತೆರಿಗೆ ಶೇ 11. ಅದು ಹತ್ತಿರ ಹತ್ತಿರ 71,500 ಆಯಿತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಈ ನಿಯಮವಿದೆ. 1000ದಿಂದ 1500 ಸಿಸಿ ಎಂಜಿನ್ನಿಗೆ ಇದೊಂದೇ 10,640 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ. ನಿನ್ನ ಕಾರಿನ ಸ್ವಂತ ಹಾನಿಯ ವಿಮೆಯನ್ನೂ ಸೇರಿಸಿ 35,000 ಎಂದಿಟ್ಟುಕೋ. ನೋಂದಣಿ, ಫಾಸ್ಟ್ಯಾಗ್, ಚಿಲ್ಲರೆ ಖರ್ಚು ಕೂಡಿದರೆ ಆನ್ ರೋಡ್ ಬೆಲೆ 7.6 ಲಕ್ಷದ ಸುತ್ತ ನಿಲ್ಲುತ್ತದೆ. ನೀನು 1.6 ಲಕ್ಷ ಕೈಯಿಂದ ಹಾಕಿದರೂ 6 ಲಕ್ಷ ಸಾಲ.

ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು 12,455. ಏಳು ವರ್ಷಕ್ಕೆ 9,653. ಶೋರೂಮಿನವರು ಹೇಳಿದ್ದು ಸುಳ್ಳಲ್ಲ. ಆದರೆ ಐದು ವರ್ಷದಲ್ಲಿ ನೀನು ಕಟ್ಟುವ ಬಡ್ಡಿ ಸುಮಾರು 1.47 ಲಕ್ಷ, ಏಳು ವರ್ಷದಲ್ಲಿ 2.1 ಲಕ್ಷ. ಕಂತು ಇಳಿಸಿದ್ದಕ್ಕೆ ನೀನು ತೆರುವ ಬೆಲೆ 63,000ಕ್ಕೂ ಹೆಚ್ಚು.

ಇನ್ನು ಓಡಿಸುವ ಖರ್ಚು. ಪುಣೆಯಲ್ಲಿ ಪೆಟ್ರೋಲು ಲೀಟರಿಗೆ ನೂರರ ಮೇಲಿದೆ. ತಿಂಗಳಿಗೆ 800 ಕಿಲೋಮೀಟರ್, ನಗರದ ದಟ್ಟಣೆಯಲ್ಲಿ ಲೀಟರಿಗೆ 15 ಎಂದು ಹಿಡಿದರೆ 5,500. ಪ್ರತಿ ವರ್ಷದ ವಿಮೆಯನ್ನು ತಿಂಗಳಿಗೆ ಹಂಚಿದರೆ 1,500. ಸರ್ವಿಸ್ 800. ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವ ಟಯರಿಗೆ ಈಗಿನಿಂದಲೇ 400. ಪಾರ್ಕಿಂಗಿಗೆ 1,500. ಐದು ವರ್ಷದ ಕಂತಿನ ಜೊತೆ ಕೂಡಿಸು: 22,000 ದಾಟುತ್ತದೆ. ನಿನ್ನ ಖರ್ಚೆಲ್ಲ ಕಳೆದು ಉಳಿಯುವುದು 16,500. ಏಳು ವರ್ಷದ ಕಂತು ಹಿಡಿದರೂ 19,000ಕ್ಕಿಂತ ಕೆಳಗೆ ಬರುವುದಿಲ್ಲ. ಈಗಿನ ಸಂಬಳದಲ್ಲಿ ಈ ಹೊಸ ಕಾರು ನಿನಗೆ ಬೇಡ, ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಠಾಣೆಯ ಅಕ್ಕ

ರಾಯರ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ಪಾರ್ಕಿಂಗ್ 1,500 ಎಂದು ಬರೆದುಬಿಟ್ಟಿದ್ದೀರಿ, ಆದರೆ ಜಾಗ ಇದೆಯೇ ಎಂದು ಯಾರೂ ಕೇಳಲಿಲ್ಲ. ತಮ್ಮಾ, ನೀನು ಬಾಡಿಗೆ ಮನೆಯಲ್ಲಿದ್ದೀಯ. ನಿನ್ನ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ ಪಾರ್ಕಿಂಗ್ ಬರೆದಿದೆಯೇ? ಇಲ್ಲದಿದ್ದರೆ ಸೊಸೈಟಿಯ ಕಾರ್ಯದರ್ಶಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯದೆ ಶೋರೂಮಿಗೆ ಕಾಲಿಡಬೇಡ. ನಮ್ಮ ಕಟ್ಟಡದಲ್ಲಿ ಬಾಡಿಗೆದಾರರ ಕಾರುಗಳು ರಸ್ತೆಯಲ್ಲೇ ನಿಲ್ಲುತ್ತವೆ. ಕನ್ನಡಿ ಮುರಿದಿರುತ್ತದೆ, ಪಕ್ಕದಲ್ಲಿ ಗೀಚಿರುತ್ತದೆ, ಇಲ್ಲವೇ ಪೊಲೀಸರು ಟೋ ಮಾಡಿಕೊಂಡು ಹೋಗಿರುತ್ತಾರೆ. ಸಂಜೆ ದಣಿದು ಬಂದು ಜಾಗಕ್ಕಾಗಿ ಬೀದಿ ಸುತ್ತುವವರನ್ನು ನಾನು ದಿನವೂ ನೋಡುತ್ತೇನೆ.

ಇನ್ನೊಂದು. ಅಪ್ಪನನ್ನು ವೈದ್ಯರ ಬಳಿ ಕರೆತರಲು ಕಾರು ಸ್ವಂತದ್ದೇ ಆಗಬೇಕಿಲ್ಲ.

ಚಾಕಣದ ಎಂಜಿನಿಯರ್

ನಿಮ್ಮ ದೊಡ್ಡಪ್ಪನ ಮಗ, ಆ ಅಣ್ಣನ ಕೆಎ-28 ಗಾಡಿಯ ಬಗ್ಗೆ ಯಾರೂ ಮಾತನಾಡಲಿಲ್ಲ. ಪುಣೆಯ ಕನ್ನಡಿಗರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ವಿಷಯ ಇದು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ಪಾಸಿಂಗ್ (ನೋಂದಣಿ) ಮಾಡಿಸಲೇಬೇಕು. ಅಂದರೆ ವಿಜಯಪುರದ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ಮಾಲೀಕತ್ವ ಬದಲಾವಣೆಗೆ ಫಾರ್ಮ್ 29 ಮತ್ತು 30, ಪಿಂಪ್ರಿ-ಚಿಂಚವಡದಲ್ಲಿ ಗಾಡಿ ತೋರಿಸಿ ಎಂಎಚ್-14 ಸಂಖ್ಯೆ. ಗಾಡಿಯ ವಯಸ್ಸಿಗೆ ತಕ್ಕಂತೆ ಮಹಾರಾಷ್ಟ್ರದ ತೆರಿಗೆಯನ್ನು ಮತ್ತೆ ಕಟ್ಟಬೇಕು. ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲನ್ನು ಹಿಂದಕ್ಕೆ ಪಡೆಯಲು ಅವಕಾಶವಿದೆ, ಆದರೆ ಅದಕ್ಕೆ ವಿಜಯಪುರದ ಕಚೇರಿಗೆ ಓಡಾಡುವವರು ಬೇಕು. ಆದ್ದರಿಂದ 3.2 ಲಕ್ಷ ಎಂಬುದು ನಿಮಗೆ 3.2 ಲಕ್ಷಕ್ಕೇ ನಿಲ್ಲುವುದಿಲ್ಲ. ಪಾಸಿಂಗ್ ಖರ್ಚನ್ನು ಮೊದಲೇ ಲೆಕ್ಕಹಾಕಿ ಅಣ್ಣನ ಬೆಲೆಯಲ್ಲಿ ಕಡಿಮೆ ಮಾಡಿಸಿ. ರಕ್ತಸಂಬಂಧದಲ್ಲಿ ಕೇಳಲು ಸಂಕೋಚವಾಗುತ್ತದೆ ಎಂದು ಬಲ್ಲೆ. ಈಗಲೇ ಕೇಳಿದರೆ ಮುಂದೆ ಮನಸ್ತಾಪ ಬರುವುದಿಲ್ಲ.

2019ರ ಗಾಡಿ ಬಿಎಸ್-4 (ಹಳೆಯ ಹೊಗೆ ಮಾನದಂಡದ್ದು) ಆಗಿರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಬಿಎಸ್-6 ಕಡ್ಡಾಯವಾದದ್ದು 2020ರ ಏಪ್ರಿಲ್ 1ರಿಂದ. ಶೇ 20 ಎಥೆನಾಲ್ ಬೆರೆತ ಪೆಟ್ರೋಲು ಅದಕ್ಕೆ ಹೊಂದುತ್ತದೆಯೇ ಎಂದು ಕಾರಿನ ಕೈಪಿಡಿ ತೆಗೆದು ನೋಡಿ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾಗಿದ್ದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂಬುದನ್ನೂ ಗಮನಿಸಿ.

ಹಾಗೆಯೇ, ಹೊಸ ಕಾರನ್ನು ಊರಿನಲ್ಲೇ ತೆಗೆದುಕೊಂಡರೆ ಅಗ್ಗ ಎಂದು ನಿಮ್ಮ ಮಾವ ಹೇಳಬಹುದು, ಒಪ್ಪಬೇಡಿ. ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದ ತೆರಿಗೆ ಶೇ 14, ಆ ತೆರಿಗೆಯ ಮೇಲೆ ಶೇ 11ರ ಸೆಸ್. ನಿಮ್ಮ 6.5 ಲಕ್ಷದ ಕಾರಿಗೆ ಅಲ್ಲಿ ಒಂದು ಲಕ್ಷ ದಾಟುತ್ತದೆ, ಇಲ್ಲಿ 71,500.

ಒಂದು ಪ್ರಶ್ನೆ: ನಿಮ್ಮ ಕಂಪನಿಗೆ ಎಷ್ಟು ರಾಜ್ಯಗಳಲ್ಲಿ ಕಚೇರಿ ಇದೆ?

ಗುಮ್ಮಟನಗರಿ, ಚಿಂಚವಡ

ರಾಯರೇ, ಅಕ್ಕ, ಸರ್, ಇಷ್ಟು ಕಾಳಜಿಯಿಂದ ಬರೆದಿದ್ದಕ್ಕೆ ಕೃತಜ್ಞತೆಗಳು. ಕರಾರು ತೆಗೆದು ನೋಡಿದೆ, ಅದರಲ್ಲಿ ದ್ವಿಚಕ್ರ ವಾಹನಕ್ಕೆ ಮಾತ್ರ ಜಾಗ ಎಂದಿದೆ. ಸರ್, ನಮಗೆ ಇಲ್ಲಿಯಲ್ಲದೆ ಹೊಸೂರು, ಸಾಣಂದ ಮತ್ತು ಮಾನೇಸರದಲ್ಲೂ ಘಟಕಗಳಿವೆ. ಎರಡು ಮೂರು ವರ್ಷದಲ್ಲಿ ಹೊಸೂರಿಗೆ ವರ್ಗವಾಗುವ ಸಾಧ್ಯತೆ ಇದೆ.

ಚಾಕಣದ ಎಂಜಿನಿಯರ್

ಹಾಗಾದರೆ ನಾಲ್ಕು ರಾಜ್ಯಗಳಾದವು. ದೇಶದಾದ್ಯಂತ ನಡೆಯುವ ಬಿಎಚ್ ಸರಣಿಯ ನೋಂದಣಿಗೆ ನಿಮಗೆ ಅರ್ಹತೆ ಇದೆ. 2021ರಲ್ಲಿ ಬಂದ ವ್ಯವಸ್ಥೆ ಇದು. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯ ನೌಕರರಿಗೂ ಅನ್ವಯಿಸುತ್ತದೆ. ಕಂಪನಿಯಿಂದ ಫಾರ್ಮ್ 60ರಲ್ಲಿ ಪ್ರಮಾಣಪತ್ರ ಬೇಕು. ತೆರಿಗೆಯನ್ನು ಒಮ್ಮೆಗೇ ಕಟ್ಟದೆ ಎರಡೆರಡು ವರ್ಷಕ್ಕೆ ಕಟ್ಟುತ್ತೀರಿ, ಹೊಸೂರಿಗೆ ಹೋದರೆ ಮರುನೋಂದಣಿಯ ತಲೆನೋವಿಲ್ಲ. ಆದರೆ ಆ ಕಂತನ್ನು ಮರೆತರೆ ದಂಡ ಬೀಳುತ್ತದೆ, ಮಾರುವಾಗ ಕೊಳ್ಳುವವರಿಗೂ ಅರ್ಹತೆ ಇಲ್ಲದಿದ್ದರೆ ಅವರು ತಮ್ಮ ರಾಜ್ಯದ ನೋಂದಣಿ ಮಾಡಿಸಬೇಕಾಗುತ್ತದೆ. ವರ್ಗಾವಣೆ ಖಚಿತವಾಗುವವರೆಗೆ ಎಂಎಚ್ ಪಾಸಿಂಗಿನ ಹೊಸ ಕಾರಿಗೆ ಪೂರ್ತಿ ತೆರಿಗೆ ಸುರಿಯುವುದು ನಿಮ್ಮ ಮಟ್ಟಿಗೆ ಸರಿಯಲ್ಲ.

ವಾಕಡ್‌ನಿಂದ

ಎಲ್ಲರೂ ಬೇಡ ಎನ್ನುತ್ತಿದ್ದೀರಿ. ನಾನು ಇನ್ನೊಂದು ಮಗ್ಗುಲನ್ನು ಹೇಳಬೇಕು.

ನನಗೆ 28 ವರ್ಷ, ಊರು ಧಾರವಾಡ, ಕೆಲಸ ಹಿಂಜವಡಿಯಲ್ಲಿ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಇರುವುದಿಲ್ಲ. ಜುಲೈ ತಿಂಗಳ ಮಳೆಯಲ್ಲಿ, ಗುಂಡಿ ಕಾಣದ ರಸ್ತೆಯಲ್ಲಿ, ಪಕ್ಕದಲ್ಲಿ ಕಾಂಕ್ರೀಟ್ ಲಾರಿ ಬರುತ್ತಿರುವಾಗ ಸ್ಕೂಟರ್ ಓಡಿಸುವ ಭಯ ಲೆಕ್ಕದ ಕಾಗದದಲ್ಲಿ ಕಾಣುವುದಿಲ್ಲ. ನಾನು ಕಾರು ಕೊಂಡಾಗ ಮನೆಯವರು ಹೆಣ್ಣುಮಗಳಿಗೆ ಈಗಲೇ ಏಕೆ ಎಂದರು. ಇಂದು ರಾತ್ರಿ ಎರಡಕ್ಕೆ ಬಾಗಿಲು ಹಾಕಿಕೊಂಡು ಹೀಟರ್ ಹಚ್ಚಿ ಮನೆಗೆ ಬರುವ ನೆಮ್ಮದಿಗಾಗಿ ಬೇರೆ ಎಷ್ಟೋ ಖರ್ಚು ಬಿಡಲು ನಾನು ಸಿದ್ಧಳಿದ್ದೇನೆ.

ಆದ್ದರಿಂದ ತಮ್ಮಾ, ನಿನಗೆ ಕಾರು ಯಾವ ಕೆಲಸಕ್ಕೆ ಬೇಕು ಎಂದು ಮೊದಲು ಕೇಳಿಕೋ. ದಿನದ ಓಡಾಟಕ್ಕೋ, ವರ್ಷದಲ್ಲಿ ಕೆಲವೇ ಸಲ ಊರಿಗೆ ಹೋಗುವುದಕ್ಕೋ? ಚಿಂಚವಡದಿಂದ ಭೋಸರಿಗೆ ಬೈಕು ಸಾಕು. ಊರಿಗೆ ಮಾತ್ರ ಎಂದಾದರೆ ನಾನೂ ಕಾಯಲು ಹೇಳುತ್ತೇನೆ. ಕೊಳ್ಳುವ ದಿನ ಬಂದಾಗ ಸ್ಕ್ರೀನು, ಸನ್‌ರೂಫು ನೋಡುವ ಮೊದಲು ಸುರಕ್ಷತೆಯ ಅಂಕ ನೋಡು. ಭಾರತ್ ಎನ್‌ಸಿಎಪಿ ಎಂಬ ಡಿಕ್ಕಿ ಪರೀಕ್ಷೆ 2023ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಅಂಕಗಳು ಎಲ್ಲರಿಗೂ ನೋಡಲು ಸಿಗುತ್ತವೆ. ಅಪ್ಪ ಅಮ್ಮ ಕೂರುವುದು ಹಿಂದಿನ ಸೀಟಿನಲ್ಲಿ, ಅಲ್ಲಿಯೂ ಬೆಲ್ಟ್ ಹಾಕಿಸು.

ಸಿಂಹಗಡ ರಸ್ತೆ

ಹಳೆಯ ಕಾರಿನ ಕಡೆ ಮನಸ್ಸು ವಾಲುತ್ತಿದ್ದರೆ ನನ್ನದೊಂದು ಎಚ್ಚರಿಕೆ. 2024ರ ಜುಲೈ 25ರಂದು ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ನಮ್ಮ ಏಕತಾ ನಗರಿಯ ನೆಲಮಾಳಿಗೆಗಳು, ಅಂಗಳಗಳು ಮುಳುಗಿದವು. ಎಷ್ಟೋ ಕಾರುಗಳ ಸೀಟಿನವರೆಗೆ ನೀರು. ಅಂಥ ಗಾಡಿಗಳು ತೊಳೆದು ಒರೆಸಿಕೊಂಡು, ಸುಗಂಧ ಹಚ್ಚಿಕೊಂಡು ಹಳೆಯ ಕಾರುಗಳ ಮಾರುಕಟ್ಟೆಗೆ ಬರುತ್ತವೆ. ಮುಂಬೈಯಲ್ಲಂತೂ ಪ್ರತಿ ಮಳೆಗಾಲದ ನಂತರ ಈ ಕಥೆ.

ನೋಡುವ ಬಗೆ ಹೀಗೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಕಲೆ ಇದ್ದರೆ ಮಾತು ಮುಂದುವರಿಸಬೇಡಿ. ಸೀಟಿನ ಕೆಳಗಿನ ಹಳಿಗಳ ತುಕ್ಕು, ನೆಲಹಾಸು ಎತ್ತಿದಾಗ ಬರುವ ಮುಗ್ಗಲು ವಾಸನೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣಗಿದ ಮಣ್ಣು, ದೀಪದ ಗಾಜಿನೊಳಗೆ ನೀರಿನ ಗೆರೆ, ಇವೆಲ್ಲ ಸುಳ್ಳು ಹೇಳುವುದಿಲ್ಲ. ವಿಮೆಯ ಹಳೆಯ ಕ್ಲೇಮುಗಳ ವಿವರ ಕೇಳಿ. ಕೊಡಲು ಹಿಂಜರಿದರೆ ಆ ಗಾಡಿ ಬಿಟ್ಟುಬಿಡಿ.

ಸರ್ಕಾರದ ಆ್ಯಪ್ ಆದ ಎಂ-ಪರಿವಾಹನ್‌ನಲ್ಲಿ ಗಾಡಿಯ ಸಂಖ್ಯೆ ಹಾಕಿದರೆ ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯೇ, ವಿಮೆ ಎಲ್ಲಿಯವರೆಗೆ ಎಂಬುದು ತಿಳಿಯುತ್ತದೆ. ಬಾಕಿ ಇ-ಚಲನ್‌ಗಳನ್ನು ಮಾರುವವರಿಂದಲೇ ಕಟ್ಟಿಸಿ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮು ಮಾಡದವರಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ) ಅವರ ಸ್ವತ್ತು, ಗಾಡಿಯ ಜೊತೆ ನಿಮಗೆ ಬರುವುದಿಲ್ಲ. ಅದನ್ನು ತೋರಿಸಿ ಬೆಲೆ ಏರಿಸುವವರಿದ್ದಾರೆ.

ಮಳೆಗಾಲದ ಪುಣೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದೆ ಓಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಂತ ನೀರಿನಲ್ಲಿ ಬಂದ್ ಬಿದ್ದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಎಂಜಿನ್ನಿನೊಳಗೆ ನೀರು ನುಗ್ಗಿ ಕೆಡುತ್ತದೆ, ಸಾಮಾನ್ಯ ಪಾಲಿಸಿಯಲ್ಲಿ ಆ ಹಾನಿಗೆ ಪರಿಹಾರ ಸಿಗುವುದು ಕಷ್ಟ.

ಮಡಗಾಂವಿನಿಂದ

ಗೋವಾದಿಂದ ಹಳೆಯ ಕಾರು ತರಲು ಹೊರಟವರಿಗೂ ಒಂದು ಮಾತು: ಕಡಲ ಗಾಳಿಗೆ ತಳಭಾಗ ಬೇಗ ತುಕ್ಕು ಹಿಡಿಯುತ್ತದೆ. ಲಿಫ್ಟ್ ಮೇಲೆ ಎತ್ತಿಸಿ ನೋಡದೆ ಮುಂಗಡ ಕೊಡಬೇಡಿ.

ಊರಿಗೆ ಹೋಗಲು ಬಾಡಿಗೆ ಕಾರು ತೆಗೆದುಕೊಂಡರೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರುವ ಗಾಡಿಯನ್ನೇ ತೆಗೆದುಕೊಳ್ಳಿ. ಬಿಳಿ ಹಲಗೆಯ ಖಾಸಗಿ ಕಾರನ್ನು ಕಡಿಮೆ ಬಾಡಿಗೆಗೆ ಕೊಡುವವರು ನಮ್ಮಲ್ಲಿ ಬಹಳ. ಅದು ಕಾನೂನುಬಾಹಿರ. ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತುತ್ತದೆ, ಹೊರೆ ಓಡಿಸಿದವರ ತಲೆಗೆ ಬರುತ್ತದೆ.

ಸೋದರಮಾವನ ಪರವಾಗಿ, ಡೊಂಬಿವಲಿ

ಹುಡುಗನ ಮಾವನನ್ನು ಎಲ್ಲರೂ ತಪ್ಪಿತಸ್ಥನನ್ನಾಗಿ ಮಾಡಬೇಡಿ. ಬದುಕೆಲ್ಲ ಕೆಂಪು ಬಸ್ಸಿನಲ್ಲಿ ನಿಂತು ಓಡಾಡಿದ ನಮ್ಮ ತಲೆಮಾರಿನವರಿಗೆ ಮನೆಯ ಹುಡುಗ ಕಾರಿನಲ್ಲಿ ಬಂದು ಇಳಿಯುವುದನ್ನು ನೋಡಬೇಕೆಂಬ ಹಂಬಲ ಇರುತ್ತದೆ. ಅದು ತೋರಿಕೆಯ ಆಸೆಯಲ್ಲ. ಲೆಕ್ಕವನ್ನು ಅವರ ಮುಂದೆ ಹರಡಿ ತೋರಿಸು ತಮ್ಮಾ, ಅವರಿಗೂ ಅರ್ಥವಾಗುತ್ತದೆ. ಬೇಕಾದರೆ ರಾಯರ ಬರಹವನ್ನೇ ಓದಿ ಹೇಳು.

ನಿವೃತ್ತ ಬ್ಯಾಂಕ್ ಅಧಿಕಾರಿ, ಕೋಥ್ರೂಡ್

ಡೊಂಬಿವಲಿಯವರ ಮಾತು ಮನಸ್ಸಿಗೆ ಹತ್ತಿತು. ಹುಡುಗನ ಆಸೆಯನ್ನಾಗಲಿ ಮನೆಯವರ ಆಸೆಯನ್ನಾಗಲಿ ನಾನು ಅಲ್ಲಗಳೆಯುತ್ತಿಲ್ಲ. ದಾರಿ ಯಾವುದು ಎಂದಷ್ಟೇ ಹೇಳುತ್ತೇನೆ.

ತಮ್ಮಾ, ಶಿಕ್ಷಣ ಸಾಲ ಎಷ್ಟು ಬಾಕಿ ಇದೆ? ಒಂದೂವರೆ ಲಕ್ಷದೊಳಗಿದ್ದರೆ ಅದನ್ನು ತೀರಿಸಿಬಿಡು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಅದರ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂಬುದು ನಿಜ, ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ತಿಂಗಳಿಗೆ 6,500 ಬಿಡುವಾಗುವುದು ನಿನಗೆ ಹೆಚ್ಚು ಬೇಕಾದದ್ದು. ಆಮೇಲೆ ಕಾರು ಬಂದೇ ಬಿಟ್ಟಿದೆ ಎಂದುಕೊಂಡು ಪ್ರತಿ ತಿಂಗಳು ಸಂಬಳದ ದಿನವೇ 15,000ವನ್ನು ಆವರ್ತ ಠೇವಣಿಗೆ ಹಾಕು. ಒಂದು ವರ್ಷ ಅದನ್ನು ತಪ್ಪಿಸದೆ ಕಟ್ಟಲು ಸಾಧ್ಯವಾದರೆ ಕಾರಿನ ಖರ್ಚನ್ನು ಹೊರುವ ಶಕ್ತಿ ನಿನಗಿದೆ. ನಡುವೆ ಒದ್ದಾಡಿದರೆ, ಕಾರು ಇಲ್ಲದೆಯೇ ಆ ಉತ್ತರ ಸಿಕ್ಕಿತು, ಹಣವೂ ಉಳಿಯಿತು.

ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಹೆಚ್ಚು. ಶೇ 13 ಎಂದುಕೊಂಡರೂ ಮೂರು ವರ್ಷಕ್ಕೆ ಲಕ್ಷಕ್ಕೆ 3,370 ರೂಪಾಯಿಯ ಕಂತು. ಒಂದು ಲಕ್ಷದ ಸಾಲ ನಿನ್ನನ್ನು ಕುಗ್ಗಿಸುವುದಿಲ್ಲ. ಬಡ್ಡಿಯ ಮಾತು ಬಂದಾಗ "ಫ್ಲ್ಯಾಟ್" ಎಂಬ ಪದ ಕಿವಿಗೆ ಬಿದ್ದರೆ ಎಚ್ಚರ: ಪೂರ್ತಿ ಸಾಲದ ಮೇಲೆ ಕೊನೆಯವರೆಗೂ ಬಡ್ಡಿ ಹಾಕುವ ಶೇ 7ರ ಫ್ಲ್ಯಾಟ್ ದರ, ಉಳಿದ ಸಾಲಕ್ಕಷ್ಟೇ ಬಡ್ಡಿ ಹಾಕುವ ಇಳಿಕೆ ಶಿಲ್ಕಿನ ಲೆಕ್ಕದಲ್ಲಿ ಶೇ 12ರಿಂದ 13 ಆಗುತ್ತದೆ. ಅವಧಿಗೆ ಮೊದಲು ತೀರಿಸಿದರೆ ಶುಲ್ಕವೆಷ್ಟು ಎಂದು ಸಹಿಗೆ ಮೊದಲೇ ಕೇಳು. ಸಾಲ ಮುಗಿದ ದಿನ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಪಡೆದು ಆರ್‌ಸಿಯಿಂದ ಅಡಮಾನದ ನಮೂದು ತೆಗೆಸಬೇಕು. ಬಹಳ ಜನ ಇದನ್ನು ಬಿಟ್ಟು, ಮಾರುವಾಗ ಪರದಾಡುತ್ತಾರೆ.

ಮುಂದೆ ಎಂದಾದರೂ ಹೊಸ ಕಾರು ಕೊಂಡರೆ, ಶೋರೂಮಿನ ವಿಮೆಯನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟಳೆ ಇಲ್ಲ. ಹ್ಯಾಂಡ್ಲಿಂಗ್ ಶುಲ್ಕ ಎಂದು ಬಿಲ್ಲಿನಲ್ಲಿ ಕಂಡರೆ ಯಾವ ಸೇವೆಗೆ ಎಂದು ಕೇಳಿ ತೆಗೆಸು.

ಗುಮ್ಮಟನಗರಿ, ಚಿಂಚವಡ

ಶಿಕ್ಷಣ ಸಾಲ 1.1 ಲಕ್ಷ ಬಾಕಿ ಇದೆ. ನಿನ್ನೆ ರಾತ್ರಿ ಮಾವನಿಗೆ ಫೋನು ಮಾಡಿ ಎಲ್ಲ ಅಂಕಿಗಳನ್ನು ಓದಿ ಹೇಳಿದೆ. ಬಹಳ ಹೊತ್ತು ಕೇಳಿಸಿಕೊಂಡರು, ಕೊನೆಗೆ ಸಾಲ ತೀರಿಸು ಎಂದರು. ಈ ತಿಂಗಳೇ ತೀರಿಸುತ್ತೇನೆ. ಕೈಯಲ್ಲಿ 1.2 ಲಕ್ಷ ಉಳಿಯುತ್ತದೆ. ತಿಂಗಳಿಗೆ 15,000 ಹಾಕುತ್ತಾ ಹೋದರೆ ಬರುವ ವರ್ಷದ ಹೊತ್ತಿಗೆ ಮೂರು ಲಕ್ಷವಾಗುತ್ತದೆ. ಆಗ ವರ್ಗಾವಣೆಯ ವಿಷಯವೂ ಗೊತ್ತಾಗಿರುತ್ತದೆ. ಎಂಎಚ್-14 ಅಥವಾ ಪುಣೆಯ ಎಂಎಚ್-12 ಪಾಸಿಂಗಿನ, ಒಬ್ಬರೇ ಮಾಲೀಕರಿದ್ದ ಗಾಡಿ ಹುಡುಕುತ್ತೇನೆ. ಅಣ್ಣನಿಗೆ ಬೇರೆ ಗಿರಾಕಿ ಸಿಕ್ಕರೆ ಕೊಟ್ಟುಬಿಡು ಎಂದು ಹೇಳಿದ್ದೇನೆ.

ಅಪ್ಪನ ಮೊಣಕಾಲಿಗೆ ಮಾತ್ರ ಒಂದು ವರ್ಷ ಕಾಯಲಾಗುವುದಿಲ್ಲ. ಮುಂದಿನ ತಿಂಗಳು ಇಲ್ಲಿಂದ ಬಾಡಿಗೆ ಕಾರು ತೆಗೆದುಕೊಂಡು ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ಹೋಗಿ ಇಬ್ಬರನ್ನೂ ಕರೆತರುತ್ತೇನೆ. ಬರುವಾಗ ಪಂಢರಪುರ. ಬಾಡಿಗೆ ಗಾಡಿಯನ್ನು ಗಡಿ ದಾಟಿಸುವಾಗ ಏನಾದರೂ ನೋಡಿಕೊಳ್ಳಬೇಕೇ?

ಚಾಕಣದ ಎಂಜಿನಿಯರ್

ನೋಡಿಕೊಳ್ಳಬೇಕು. ಅದು ವಾಣಿಜ್ಯ ವಾಹನ, ಆದ್ದರಿಂದ ಕರ್ನಾಟಕ ಪ್ರವೇಶಕ್ಕೆ ಪರವಾನಗಿ ಇದೆಯೇ, ತೆರಿಗೆ ಕಟ್ಟಬೇಕಾಗಿ ಬಂದರೆ ಯಾರು ಕಟ್ಟುತ್ತಾರೆ ಎಂದು ಬಾಡಿಗೆ ಕೊಡುವವರಿಂದ ಬರವಣಿಗೆಯಲ್ಲಿ ಪಡೆಯಿರಿ. ಪರವಾನಗಿ, ವಿಮೆ, ಪಿಯುಸಿ ಪ್ರತಿಗಳು ಗಾಡಿಯಲ್ಲಿರಲಿ. ಗಾಡಿ ಕೈಗೆ ಬಂದಾಗ ನಾಲ್ಕೂ ಬದಿಯ ಮತ್ತು ಇಂಧನ ಮುಳ್ಳಿನ ಚಿತ್ರ ತೆಗೆದುಕೊಳ್ಳಿ. ಸೀಟು ಎತ್ತರವಿರುವ ಕಾರು ಕೇಳಿ. ಮೊಣಕಾಲು ನೋವಿರುವವರಿಗೆ ತಗ್ಗಿನ ಸೀಟಿನಿಂದ ಏಳುವುದು ಕಷ್ಟ.

ಠಾಣೆಯ ಅಕ್ಕ

ಆಷಾಢ ಏಕಾದಶಿಯ ಆಸುಪಾಸಿನ ದಿನಗಳನ್ನು ತಪ್ಪಿಸು ತಮ್ಮಾ. ವಾರಕರಿಗಳ ದಿಂಡಿ ಬರುವ ಹೊತ್ತಿನಲ್ಲಿ ಪಂಢರಪುರದ ರಸ್ತೆಗಳಲ್ಲಿ ಕಾರು ಮುಂದೆ ಹೋಗುವುದಿಲ್ಲ, ಅಪ್ಪ ಬಹಳ ದೂರ ನಡೆಯಬೇಕಾಗುತ್ತದೆ.